ಹಳೆಯ ಬೇಸ್‌ಬಾಲ್ ಕಾರ್ಡಿಗೆ ಅಂಕ ಹಾಕಿಸಬೇಕಾ, ಬೇಡವಾ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ ಆಟಗಾರರ ಹೆಸರಲ್ಲಿ ಅಚ್ಚಾಗುವ, ಜನ ಸಂಗ್ರಹಿಸುವ ಅಂಗೈ ಅಗಲದ ಒಂದು ಕಾರ್ಡು ಸುಮಾರು 1 ಕೋಟಿ 29 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಜಾಸ್ತಿ. ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ ಮತ್ತು ಕೋಬಿ ಬ್ರಯಂಟ್ ಇಬ್ಬರ ಸಹಿಯೂ ಅದರ ಮೇಲಿತ್ತು. ಅಲ್ಲಿಯವರೆಗೆ ಆಟದ ಕಾರ್ಡುಗಳ ದಾಖಲೆ ಬೆಲೆ ಇದ್ದದ್ದು ಬೇಸ್‌ಬಾಲ್ ಕಾರ್ಡೊಂದರ ಹೆಸರಿನಲ್ಲಿ. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ, ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಗಿತ್ತು.

ಜನರಿಗೆ ಗೊಂದಲವಾದದ್ದು ಬೆಲೆ ನೋಡಿ ಅಲ್ಲ, ಕಾರ್ಡಿನ ಸ್ಥಿತಿ ಪರೀಕ್ಷಿಸಿ ಕಂಪನಿಗಳು ಕೊಡುವ ಅಂಕ ನೋಡಿ. ಮ್ಯಾಂಟಲ್ ಕಾರ್ಡಿಗೆ ಹತ್ತಕ್ಕೆ 9.5 ಅಂಕ ಇತ್ತು. ಅದನ್ನು ಹಿಂದಿಕ್ಕಿದ ಕಾರ್ಡಿಗೆ ಇದ್ದದ್ದು ಬರೀ 6. ಅಂಕವೇ ಬೆಲೆ ಎಂದು ಇಷ್ಟು ವರ್ಷ ಕೇಳಿಕೊಂಡು ಬಂದವರು, ಹಾಗಾದರೆ ದುಡ್ಡು ಕೊಟ್ಟು ಗ್ರೇಡಿಂಗ್, ಅಂದರೆ ಅಂಕ ಹಾಕಿಸುವುದನ್ನು, ಯಾಕೆ ಮಾಡಿಸಬೇಕು ಎಂದು ಕೇಳತೊಡಗಿದರು. ಅಟ್ಟದ ಮೇಲೆ ಅಜ್ಜನ ಕಾಲದ ಕಾರ್ಡುಗಳನ್ನು ಇಟ್ಟುಕೊಂಡವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು.

ಡಬ್ಬಿಯೊಳಗೆ ಏನಿದೆ

ಕೆಲಸ ನೋಡಲು ಸರಳ. ಕಾರ್ಡನ್ನು ಕಂಪನಿಗೆ ಕಳಿಸುತ್ತೀರಿ. ಅಲ್ಲಿನ ಪರೀಕ್ಷಕರು ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡುತ್ತಾರೆ. ಅಸಲಿಯೋ ನಕಲಿಯೋ, ಯಾರಾದರೂ ಕೈ ಆಡಿಸಿದ್ದಾರೋ ಎನ್ನುವುದು ಮೊದಲ ಪ್ರಶ್ನೆ. ಆಮೇಲೆ ನಾಲ್ಕು ಮೂಲೆ, ಅಂಚು, ಮೇಲ್ಮೈ, ಮತ್ತು ಚಿತ್ರ ಚೌಕಟ್ಟಿನ ನಡುವೆ ಸರಿಯಾಗಿ ಕೂತಿದೆಯೋ ಇಲ್ಲವೋ. ಇಷ್ಟನ್ನು ನೋಡಿ 1ರಿಂದ 10ರವರೆಗೆ ಒಂದು ಅಂಕ. ಕೊನೆಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಶಬ್ದದ ಅಲೆಗಳಿಂದ ಅಂಚು ಬೆಸೆದು, ನಂಬರ್ ಇರುವ ಚೀಟಿ ಸಮೇತ ವಾಪಸ್ ಕಳಿಸುತ್ತಾರೆ. ಹವ್ಯಾಸಿಗಳ ಬಾಯಲ್ಲಿ ಈ ಡಬ್ಬಿ 'ಸ್ಲ್ಯಾಬ್'. ಡಬ್ಬಿ ಸೇರದ ಕಾರ್ಡು 'ರಾ', ಅಂದರೆ ಹಸಿ.

ಈ ಪದ್ಧತಿ ಬಂದದ್ದು ನಾಣ್ಯದ ಲೋಕದಿಂದ. 1986ರಲ್ಲಿ ಪಿಸಿಜಿಎಸ್ ಎಂಬ ಕಂಪನಿ ನಾಣ್ಯಗಳಿಗೆ ಅಂಕ ಕೊಟ್ಟು ಡಬ್ಬಿ ಹಾಕಲು ಶುರು ಮಾಡಿತು. ನಮ್ಮ ಊರುಗಳ ನಾಣ್ಯ ಮೇಳಗಳಲ್ಲೂ ಈಗ ಇಂಥ ಡಬ್ಬಿಗಳು ಕಾಣಸಿಗುತ್ತವೆ. ಅದೇ ಜನ 1991ರಲ್ಲಿ ಕಾರ್ಡುಗಳಿಗಾಗಿ ಪಿಎಸ್‌ಎ ಕಟ್ಟಿದರು. 1998ರಲ್ಲಿ ಎಸ್‌ಜಿಸಿ, ಮರುವರ್ಷ ಬೆಕೆಟ್ ಕಂಪನಿಯ ಗ್ರೇಡಿಂಗ್ ಬಂತು.

ನಮಗೆ ಗೊತ್ತಿರುವ ಹೋಲಿಕೆ ಅಂದರೆ ಬಂಗಾರದ ಹಾಲ್‌ಮಾರ್ಕ್. ಅಪರಿಚಿತ ಅಂಗಡಿಯವನನ್ನು ನಂಬುವ ಬದಲು ಮುದ್ರೆಯನ್ನು ನಂಬುತ್ತೇವೆ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಬಂಗಾರದ ಶುದ್ಧತೆಯನ್ನು ಯಂತ್ರ ಅಳೆಯುತ್ತದೆ. 22 ಕ್ಯಾರೆಟ್ ಎಲ್ಲಿ ಅಳೆದರೂ 22 ಕ್ಯಾರೆಟ್ಟೇ. ಕಾರ್ಡಿನ ಅಂಕ ಬಹುಪಾಲು ಮನುಷ್ಯರ ಕಣ್ಣಿನ ತೀರ್ಪು. ಅದೇ ಕಾರ್ಡನ್ನು ಡಬ್ಬಿ ಒಡೆದು ಮತ್ತೆ ಕಳಿಸಿದರೆ ಬೇರೆ ಅಂಕ ಬರುವುದುಂಟು. ಒಂದಂಕ ಜಾಸ್ತಿ ಬರಲಿ ಎಂದು ಹೀಗೆ ಒಡೆದು ಕಳಿಸುವುದನ್ನೇ ದಂಧೆ ಮಾಡಿಕೊಂಡವರೂ ಇದ್ದಾರೆ.

ಹಳೆಯ ಕಾರ್ಡಿನ ರೋಗವೇ ಬೇರೆ

ಹೊಸ ಕಾರ್ಡುಗಳ ಆಟ ಬೇರೆ. ಅವು ಪ್ಯಾಕೆಟ್ಟಿನಿಂದ ನೇರ ಪ್ಲಾಸ್ಟಿಕ್ ಕವರಿಗೆ ಹೋಗುತ್ತವೆ. ಸಾವಿರಾರು ಪ್ರತಿಗಳು ಹತ್ತಿರಹತ್ತಿರ ಒಂದೇ ಸ್ಥಿತಿಯಲ್ಲಿ ಇರುತ್ತವೆ. ಹಾಗಾಗಿ 9ಕ್ಕೂ 10ಕ್ಕೂ ಇರುವ ಕೂದಲೆಳೆ ಅಂತರವೇ ಬೆಲೆ ತೀರ್ಮಾನಿಸುತ್ತದೆ.

1909ರಿಂದ 1911ರ ನಡುವೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪೊಟ್ಟಣಗಳಲ್ಲಿ ಹಾಕಿ ಹಂಚಿದ ಟಿ206 ಎಂಬ ಸರಣಿಯ ಕಾರ್ಡಿನ ಕಥೆ ಹಾಗಲ್ಲ. ಅದು ಸಿಗರೇಟು ಸೇದುವವನ ಜೇಬಿನಿಂದ ಹುಡುಗರ ಕೈಗೆ ಬಂತು. ಹುಡುಗರು ಅದನ್ನು ಗೋಡೆಗೆ ಎಸೆದು ಆಡಿದರು, ಪುಸ್ತಕಕ್ಕೆ ಗೋಂದು ಹಾಕಿ ಅಂಟಿಸಿದರು. ನೂರು ವರ್ಷದ ನಂತರ ಅದು 10 ಅಂಕ ಪಡೆಯಲಿ ಎಂದು ಯಾರೂ ಕಾಯುವುದಿಲ್ಲ. 3 ಬಂದರೆ ಖುಷಿ. ಮುಂದೆ ಚೆಂದವಾಗಿ ಕಂಡರೂ ಹಿಂದೆ ಗೋಂದಿನ ಜೊತೆ ಕಾಗದದ ಪದರ ಕಿತ್ತು ಬಂದಿದ್ದರೆ 1ಕ್ಕೆ ಇಳಿಯುತ್ತದೆ.

ಹೀಗಾಗಿ ಹಳೆಯ ಕಾರ್ಡು ಕೊಳ್ಳುವವನ ನಿಜವಾದ ಭಯ ಅಂಕದ ಬಗ್ಗೆ ಅಲ್ಲ. ಮೊದಲ ಭಯ, ಇದು ಅಸಲಿಯೇ ಎನ್ನುವುದು. ಎರಡನೆಯದು, ಯಾರಾದರೂ ಇದಕ್ಕೆ ಮೇಕಪ್ ಮಾಡಿದ್ದಾರಾ ಎನ್ನುವುದು. ಮೊಂಡಾದ ಮೂಲೆಗಳನ್ನು ಚೂಪು ಮಾಡಲು ಅಂಚನ್ನು ಸ್ವಲ್ಪವೇ ಕತ್ತರಿಸುತ್ತಾರೆ. ಇದಕ್ಕೆ ಟ್ರಿಮ್ಮಿಂಗ್ ಎನ್ನುತ್ತಾರೆ. ಬಣ್ಣ ಹೋದಲ್ಲಿ ಬಣ್ಣ ತುಂಬುತ್ತಾರೆ. ಹಿಂಬದಿ ಹಾಳಾಗಿದ್ದರೆ ಬೇರೆ ಕಾರ್ಡಿನ ಹಿಂಬದಿಯನ್ನೇ ತಂದು ಅಂಟಿಸುತ್ತಾರೆ. ಹಾಗಂತ ಎಲ್ಲ ರಿಪೇರಿಯೂ ತಪ್ಪಲ್ಲ. ಆಲ್ಬಮ್ಮಿಗೆ ಅಂಟಿದ್ದ ಟಿ206 ಕಾರ್ಡನ್ನು ಬರೀ ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಹವ್ಯಾಸಿಗಳು ಬಹುತೇಕ ಒಪ್ಪಿಕೊಂಡಿದ್ದಾರೆ. ನೀರಿನ ಬದಲು ರಾಸಾಯನಿಕ ಬಳಸಿದರೆ ಮೋಸ. ಗೆರೆ ಎಳೆದಿರುವುದು ಅಲ್ಲಿ.

ಕೆಲವು ಪರೀಕ್ಷೆ ಮನೆಯಲ್ಲೇ ಆಗುತ್ತದೆ. 1952ರ ಅಸಲಿ ಟಾಪ್ಸ್ ಕಾರ್ಡು ಎರಡೂ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ ಅಗಲ, ಮೂರೂ ಮುಕ್ಕಾಲು ಇಂಚು ಉದ್ದ. ಟಾಪ್ಸ್ 1983ರಲ್ಲಿ ಅದೇ ಸೆಟ್ಟನ್ನು ಮರುಮುದ್ರಿಸಿತು, ಆದರೆ ಎರಡೂವರೆಗೆ ಮೂರೂವರೆ ಇಂಚಿನ ಈಗಿನ ಅಳತೆಯಲ್ಲಿ. ಅಟ್ಟದಲ್ಲಿ ಸಿಕ್ಕ ಮ್ಯಾಂಟಲ್ ಕಾರ್ಡು ಚಿಕ್ಕದಾಗಿದ್ದರೆ ಅಳತೆಪಟ್ಟಿಯೇ ಕಥೆ ಮುಗಿಸುತ್ತದೆ. ಇನ್ನು ಕಪ್ಪು ಬೆಳಕು ಎನ್ನುವ ನೇರಳಾತೀತ ದೀಪ. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. 1910ರ ಕಾರ್ಡು ಎಂದು ಹೇಳುವುದು ಆ ದೀಪದ ಕೆಳಗೆ ಪ್ರಕಾಶವಾಗಿ ಹೊಳೆದರೆ ಅನುಮಾನ ಪಡಲೇಬೇಕು. ಒಂದು ದೀಪ, ಒಂದು ಅಳತೆಪಟ್ಟಿ. ಇವೆರಡಕ್ಕೆ ಖರ್ಚು ಮಾಡುವ ಮೊದಲೇ ಗ್ರೇಡಿಂಗ್ ಫೀಸು ಕಟ್ಟುವವರನ್ನು ಕಂಡರೆ ಪಾಪ ಅನಿಸುತ್ತದೆ.

ಮೊದಲ ಡಬ್ಬಿಯಲ್ಲೇ ಕತ್ತರಿಸಿದ ಕಾರ್ಡು

ಗ್ರೇಡಿಂಗ್ ಬಗ್ಗೆ ಅನುಮಾನ ಇರುವವರು ಮೊದಲು ಎತ್ತುವುದು ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಹೆಸರನ್ನು. ಟಿ206 ಸರಣಿಯಲ್ಲಿ ಈತನ ಕಾರ್ಡು ಬೇಗ ನಿಂತುಹೋಯಿತು. ತಂಬಾಕಿನ ಜೊತೆ ತನ್ನ ಚಿತ್ರ ಬೇಡ ಅಂದ ಎನ್ನುವವರಿದ್ದಾರೆ, ದುಡ್ಡು ಕೊಡದೆ ಹಾಕಿದ್ದಕ್ಕೆ ಮುನಿದ ಎನ್ನುವವರೂ ಇದ್ದಾರೆ. ಏನೇ ಇರಲಿ, ಈಗ ಉಳಿದಿರುವುದು ಸುಮಾರು ಐವತ್ತು ಅರವತ್ತು ಪ್ರತಿ.

ಅವುಗಳಲ್ಲಿ ಅತ್ಯಂತ ಚೆಂದದ ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ತನ್ನ ಪಾಲುದಾರನ ಜೊತೆ ಸೇರಿ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡ. ಪಿಎಸ್‌ಎ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡು ಇದೇ. ಸಿಕ್ಕ ಅಂಕ 8. ಹೊಸ ಕಂಪನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. ಆ ಕಾಲದ ಸಿಗರೇಟು ಕಾರ್ಡಿನ ಅಂಚು ಇಷ್ಟು ಚೂಪಾಗಿ ಉಳಿಯುವುದು ಹೇಗೆ ಎಂದು ಜನ ಗುಸುಗುಸು ಮಾತಾಡುತ್ತಲೇ ಇದ್ದರು. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2013ರಲ್ಲಿ, ಹಿಂದೊಮ್ಮೆ ಅದರ ಮಾಲೀಕನಾಗಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೋ ವಂಚನೆ ಪ್ರಕರಣವೊಂದರಲ್ಲಿ ತಪ್ಪೊಪ್ಪಿಕೊಂಡ. ಆಗಲೇ ಈ ಕಾರ್ಡಿನ ಅಂಚು ಕತ್ತರಿಸಿದ್ದೂ ತಾನೇ ಎಂದು ಒಪ್ಪಿಕೊಂಡ. 2015ರಲ್ಲಿ ಅವನಿಗೆ 20 ತಿಂಗಳ ಶಿಕ್ಷೆಯಾಯಿತು.

ಒಂದು ಕಾರ್ಡಿನ ತಪ್ಪಿನಿಂದ ಇಡೀ ಪದ್ಧತಿ ಸುಳ್ಳಾಗುವುದಿಲ್ಲ. ಆದರೆ 2019ರಲ್ಲಿ ಹವ್ಯಾಸಿಗಳು ಹಳೆಯ ಹರಾಜಿನ ಫೋಟೊಗಳನ್ನೂ ಹೊಸ ಫೋಟೊಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇಂಥವು ಇನ್ನೂ ಬಹಳ ಸಿಕ್ಕವು. ಮೊದಲು ಕಡಿಮೆ ಅಂಕ ಇದ್ದ ಕಾರ್ಡು, ಈಗ ಕೊಂಚ ಸಣ್ಣದಾಗಿ, ಜಾಸ್ತಿ ಅಂಕದ ಡಬ್ಬಿಯಲ್ಲಿ ಕೂತಿತ್ತು. ಕಾಗದದ ನಾರು, ಅಚ್ಚಿನ ಚುಕ್ಕಿ ಎಲ್ಲ ಒಂದೇ. ಅಂದರೆ ಡಬ್ಬಿ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಒಂದು ಬಗೆಯ ಮೋಸಕ್ಕೆ ಆಸೆ ಹುಟ್ಟಿಸುವುದೂ ಅದೇ. ಅಂಕ ಒಂದು ಹೆಚ್ಚಾದರೆ ಬೆಲೆ ಎರಡು ಮೂರು ಪಟ್ಟು ಏರುತ್ತದೆ ಎಂದಾದಾಗ ಕತ್ತರಿ ಹಿಡಿಯುವವನಿಗೆ ಸಿಗುವ ಲಾಭವೂ ಅಷ್ಟೇ ಏರುತ್ತದೆ.

ಎರಡು ಕಡೆಯ ವಾದ

ಮಾಡಿಸಿ ಎನ್ನುವವರ ಮುಖ್ಯ ಮಾತು ನಂಬಿಕೆಯದು. ಇವತ್ತು ಕಾರ್ಡು ಮಾರಾಟವಾಗುವುದು ಫೋಟೊ ನೋಡಿ, ಸಾವಿರಾರು ಮೈಲಿ ದೂರದಿಂದ. ಕೊಳ್ಳುವವನು ಕೈಯಲ್ಲಿ ಹಿಡಿದು ನೋಡಲಾರ. ಮಾರುವವನು 'ಇದು ಹೊಸದರ ಹಾಗೇ ಇದೆ' ಅನ್ನುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ? ಮೂರನೆಯವರೊಬ್ಬರು ಅಂಕ ಹಾಕಿದ್ದರೆ ಆ ಚೌಕಾಸಿ ಅರ್ಧ ಮುಗಿದ ಹಾಗೆ. 2016ರಲ್ಲಿ ಸುಕ್ಕಾದ ಕಾಗದದ ಚೀಲವೊಂದರಲ್ಲಿ ಟೈ ಕಾಬ್ ಆಟಗಾರನ ತೀರಾ ಅಪರೂಪದ ಕಾರ್ಡು ಏಳು ಸಿಕ್ಕವು. ಇನ್ನೇನು ಕಸಕ್ಕೆ ಹೋಗಬೇಕಿದ್ದ ಚೀಲ. ಆ ಬಗೆಯ ಕಾರ್ಡು ಅಲ್ಲಿಯವರೆಗೆ ಇದ್ದದ್ದೇ ಹದಿನೈದರ ಆಸುಪಾಸು. ಒಮ್ಮೆಗೇ ಏಳು ಸಿಕ್ಕವು ಅಂದರೆ ಯಾರು ನಂಬುತ್ತಾರೆ? ಪರೀಕ್ಷೆ ಮಾಡಿಸಿ, ಅಸಲಿ ಎಂದು ಡಬ್ಬಿ ಸೇರಿದ ಮೇಲೆಯೇ ಆ ಕಾರ್ಡುಗಳಿಗೆ ಮಾರುಕಟ್ಟೆ ಹುಟ್ಟಿದ್ದು.

ಬೇಡ ಎನ್ನುವವರಲ್ಲಿ ಎರಡು ಗುಂಪು. ಮೊದಲ ಗುಂಪು ಒಂದು ಸರಣಿಯ ಎಲ್ಲ ಕಾರ್ಡನ್ನೂ ಕೂಡಿಸುವ, ಅಂದರೆ ಸೆಟ್ ಕಟ್ಟುವವರದು. 1952ರ ಟಾಪ್ಸ್ ಸೆಟ್ಟಿನಲ್ಲಿ 407 ಕಾರ್ಡು. ಅವನ್ನು ಆಲ್ಬಮ್ಮಿನಲ್ಲಿ ಸಾಲಾಗಿ ಇಟ್ಟು ಪುಟ ತಿರುವುವುದರಲ್ಲೇ ಅವರ ಸುಖ ಇದೆ. 407 ಪ್ಲಾಸ್ಟಿಕ್ ಇಟ್ಟಿಗೆ ತಂದಿಟ್ಟರೆ ಕಪಾಟು ತುಂಬುತ್ತದೆ, ಮನಸ್ಸು ತುಂಬುವುದಿಲ್ಲ. ಎರಡನೇ ಗುಂಪಿನ ತಕರಾರು ಇನ್ನೂ ಆಳದ್ದು. ಅಂಕ ಬಂದ ಮೇಲೆ ಜನ ಕಾರ್ಡು ನೋಡುವುದನ್ನೇ ಬಿಟ್ಟಿದ್ದಾರೆ, ಚೀಟಿ ಓದುತ್ತಾರೆ ಅಷ್ಟೇ ಎನ್ನುತ್ತಾರೆ ಇವರು.

ಈ ತಕರಾರಿನಲ್ಲಿ ಸತ್ಯ ಇದೆ. ಆದರೆ ಹಳೆಯ ಕಾರ್ಡುಗಳ ಮಟ್ಟಿಗೆ ಮಾರುಕಟ್ಟೆಯೇ ಅದಕ್ಕೆ ಆಗಾಗ ಉತ್ತರ ಕೊಡುತ್ತಿದೆ. 2021ರ ಆಗಸ್ಟ್‌ನಲ್ಲಿ 3 ಅಂಕದ ಒಂದು ವ್ಯಾಗ್ನರ್ 66 ಲಕ್ಷ ಡಾಲರಿಗೆ ಹೋಯಿತು. ಸರಿಯಾಗಿ ಒಂದು ವರ್ಷದ ನಂತರ 2 ಅಂಕದ ಇನ್ನೊಂದು ವ್ಯಾಗ್ನರ್ 72 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಎರಡಕ್ಕೂ ಅಂಕ ಕೊಟ್ಟದ್ದು ಎಸ್‌ಜಿಸಿಯೇ. ಕಡಿಮೆ ಅಂಕದ್ದಕ್ಕೆ ಜಾಸ್ತಿ ಬೆಲೆ! ಜೋರ್ಡನ್-ಕೋಬಿ ಕಾರ್ಡಿನ ಒಗಟಿಗೂ ಉತ್ತರ ಇಲ್ಲೇ ಇದೆ. ಆ ಕಾರ್ಡು ಜಗತ್ತಿನಲ್ಲಿ ಇರುವುದೇ ಒಂದು. ಹೋಲಿಸಲು ಇನ್ನೊಂದು ಪ್ರತಿ ಇಲ್ಲದಾಗ 6 ಆದರೇನು, 8 ಆದರೇನು? ಮ್ಯಾಂಟಲ್ ಹಾಗಲ್ಲ. ಅದರ ಪ್ರತಿಗಳು ಬೇಕಾದಷ್ಟಿವೆ, ಒಳ್ಳೆಯ ಸ್ಥಿತಿಯವು ಮಾತ್ರ ಕಡಿಮೆ. ಹಾಗಾಗಿ ಅಲ್ಲಿ ಅಂಕ ಎಲ್ಲವನ್ನೂ ಆಳುತ್ತದೆ. ಅಪರೂಪ ಇರುವುದು ಕಾರ್ಡಿನಲ್ಲೋ ಅದರ ಸ್ಥಿತಿಯಲ್ಲೋ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೂಗಿಗಿಂತ ಮೂಗುತಿ ಭಾರ

ಇನ್ನು ದುಡ್ಡಿನ ಲೆಕ್ಕ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತ ಜನ ಹಳೆಯ ಕಾರ್ಡುಗಳನ್ನು ಹೊರತೆಗೆದರು. ಪಿಎಸ್‌ಎ ಮುಂದೆ ಎಷ್ಟು ರಾಶಿ ಬಿತ್ತೆಂದರೆ, 2021ರ ಮಾರ್ಚ್ ಕೊನೆಯಲ್ಲಿ ಕಂಪನಿ ಬಹುಪಾಲು ಸೇವೆಗಳನ್ನೇ ನಿಲ್ಲಿಸಿ ಬಾಕಿ ತೀರಿಸಲು ಕೂತಿತು. ಅದಕ್ಕೂ ಮೊದಲು ಗುಂಪಿನಲ್ಲಿ ಕಳಿಸಿದರೆ ಕಾರ್ಡಿಗೆ ಹತ್ತು ಡಾಲರಿನ ಆಸುಪಾಸಿನಲ್ಲಿ ಆಗುತ್ತಿದ್ದ ಕೆಲಸ ಆಮೇಲೆ ಆ ಬೆಲೆಗೆ ಮರಳಲೇ ಇಲ್ಲ. ಈಗ ಕೆಳಗಿನ ದರಗಳೇ ಇಪ್ಪತ್ತು ಮೂವತ್ತು ಡಾಲರಿನ ಹತ್ತಿರ ಇವೆ. ಕಾರ್ಡಿನ ಬೆಲೆ ಏರಿದಂತೆ ಫೀಸೂ ಏರುತ್ತದೆ. ನೀವು ಹೇಳಿದ್ದಕ್ಕಿಂತ ಕಾರ್ಡು ಜಾಸ್ತಿ ಬೆಲೆಯದು ಎಂದು ಅಂಕ ಬಂದ ಮೇಲೆ ಗೊತ್ತಾದರೆ ಮೇಲಿನ ದರವನ್ನು ವಸೂಲಿ ಮಾಡುತ್ತಾರೆ. ಹೋಗಿ ಬರುವ ಅಂಚೆ, ವಿಮೆ ಬೇರೆ.

ಸುಮ್ನೆ ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಇಟ್ಟುಕೊಳ್ಳಿ. ಸಾಧಾರಣ ಆಟಗಾರನ 1950ರ ದಶಕದ ಒಂದು ಕಾರ್ಡು, ಹಸಿಯಾಗಿ ಮಾರಿದರೆ 40 ಡಾಲರ್ ಸಿಗುತ್ತದೆ. ಅದಕ್ಕೆ 5 ಅಂಕ ಬಂದರೆ 60 ಸಿಗಬಹುದು, 6 ಬಂದರೆ 90. ಫೀಸು, ಅಂಚೆ ಸೇರಿ 35 ಖರ್ಚು. 5 ಬಂದರೆ ಕೈಗೆ ಉಳಿಯುವುದು 25, ಅಂದರೆ ಸುಮ್ಮನಿದ್ದರೆ ಸಿಗುತ್ತಿದ್ದುದಕ್ಕಿಂತ 15 ಡಾಲರ್ ನಷ್ಟ. 6 ಬಂದರೆ 15 ಲಾಭ. 4 ಬಂದರೆ ಹೇಳುವುದೇ ಬೇಡ. ಕತ್ತರಿಸಿದ್ದಾರೆ ಎಂದು ಗೊತ್ತಾಗಿ ಅಂಕವಿಲ್ಲದೆ ವಾಪಸ್ ಬಂದರೆ ಕಾರ್ಡಿನ ಮೂಲ ಬೆಲೆಯೂ ಕುಸಿಯುತ್ತದೆ. ಜನ ಮಾಡುವ ಸಾಮಾನ್ಯ ತಪ್ಪು ಏನೆಂದರೆ, ತಮ್ಮ ಕಾರ್ಡಿಗೆ ಬರಬಹುದಾದ ಅಂಕವನ್ನು ಒಂದೋ ಎರಡೋ ಜಾಸ್ತಿ ಊಹಿಸಿ ಲೆಕ್ಕ ಹಾಕುವುದು.

ಇದೇ ಲೆಕ್ಕವನ್ನು 1954ರ ಟಾಪ್ಸ್ ಹ್ಯಾಂಕ್ ಆರನ್ ಅಥವಾ 1955ರ ಟಾಪ್ಸ್ ರಾಬರ್ಟೋ ಕ್ಲೆಮೆಂಟೆ ಕಾರ್ಡಿಗೆ ಹಾಕಿ. ಎರಡೂ ಆ ಆಟಗಾರರ ಮೊದಲ ವರ್ಷದ ಕಾರ್ಡುಗಳು, ಹವ್ಯಾಸಿಗಳ ಭಾಷೆಯಲ್ಲಿ 'ರೂಕಿ'. ಕಡಿಮೆ ಅಂಕ ಬಂದರೂ ಕೊಳ್ಳುವವರು ಸಾಲು ನಿಲ್ಲುತ್ತಾರೆ. ನಕಲಿ ಮಾಡುವವರ ಕಣ್ಣೂ ಇಂಥವುಗಳ ಮೇಲೆಯೇ. ಇಲ್ಲಿ ಫೀಸು ಬೆಲೆಯ ಸಣ್ಣ ಪಾಲು, ಅಸಲಿ ಎಂಬ ಖಾತ್ರಿಯೇ ದೊಡ್ಡ ಪಾಲು.

ಒಂದೇ ಮನೆಯ ಎರಡು ಅಂಗಡಿ

ಇತ್ತೀಚೆಗೆ ಇನ್ನೊಂದು ಚಿಂತೆ ಸೇರಿಕೊಂಡಿದೆ. ಪಿಎಸ್‌ಎ ಮಾತೃ ಕಂಪನಿಯನ್ನು 2021ರಲ್ಲಿ ನ್ಯಾಟ್ ಟರ್ನರ್ ಮುಂದಾಳತ್ವದ ಹೂಡಿಕೆದಾರರು ಕೊಂಡರು. ಕಲೆಕ್ಟರ್ಸ್ ಎಂಬ ಹೆಸರಿನ ಇದೇ ಕಂಪನಿ 2024ರ ಫೆಬ್ರವರಿಯಲ್ಲಿ ಎಸ್‌ಜಿಸಿಯನ್ನೂ ಕೊಂಡಿತು. ಹಳೆಯ ಕಾರ್ಡು ಇಷ್ಟಪಡುವವರಿಗೆ ಎಸ್‌ಜಿಸಿ ಅಂದರೆ ಅಕ್ಕರೆ. ಅದರ ಡಬ್ಬಿಯೊಳಗಿನ ಕಪ್ಪು ಚೌಕಟ್ಟಿನಲ್ಲಿ ಮಾಸಿದ ಕಾರ್ಡೂ ಎದ್ದು ಕಾಣುತ್ತದೆ. ಪಿಎಸ್‌ಎ ದುಬಾರಿ ಅನಿಸಿದಾಗ ಜನ ಹೋಗುತ್ತಿದ್ದದ್ದು ಅಲ್ಲಿಗೆ.

ಇಬ್ಬರೂ ಒಂದೇ ಮನೆಯವರಾದರೆ ಆಗುವುದೇನು? ದರದಲ್ಲಿ ಪೈಪೋಟಿ ಸಡಿಲಾಗುತ್ತದೆ ಎನ್ನುವುದು ಮೊದಲ ಅಂಜಿಕೆ. ಎರಡನೆಯದು ಇನ್ನೂ ಸೂಕ್ಷ್ಮ. ಒಬ್ಬರ ಅಂಕ ಸರಿಯೆನಿಸದಿದ್ದರೆ ಇನ್ನೊಬ್ಬರ ಬಳಿ ಕೇಳುವುದು ಈ ಪದ್ಧತಿಗಿದ್ದ ಒಂದು ಕಡಿವಾಣ. ಆ ಇನ್ನೊಬ್ಬರು ಅದೇ ಮಾಲೀಕರ ಕೆಳಗೆ ಇದ್ದಾಗ ಕಡಿವಾಣ ಇನ್ಯಾರ ಕೈಯಲ್ಲಿರಬೇಕು? ಕಂಪನಿ ಕಡೆಯವರ ಸಮರ್ಥನೆಯೂ ಇದೆ. ದೊಡ್ಡ ಕಂಪನಿಗೆ ಒಳ್ಳೆಯ ಕ್ಯಾಮೆರಾ, ತಂತ್ರಾಂಶ, ಹಳೆಯ ಫೋಟೊಗಳ ಭಂಡಾರ ಕಟ್ಟುವ ಶಕ್ತಿ ಇರುತ್ತದೆ, ಕತ್ತರಿಸಿದ ಕಾರ್ಡನ್ನು ಹಿಡಿಯಲು ಅದೇ ಬೇಕು ಎನ್ನುತ್ತಾರೆ. ಎರಡೂ ನಿಜ ಇರಬಹುದು. ಆದರೆ ಸದ್ಯಕ್ಕೆ ಫೀಸು ಇಳಿಯುವ ಸೂಚನೆಯಂತೂ ಇಲ್ಲ.

ಹಾಗಾದರೆ ಯಾವುದನ್ನು ಕಳಿಸಬೇಕು

ಮಾರುವ ಯೋಚನೆ ಇದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಡಬ್ಬಿ ಅಂದರೆ ಅಪರಿಚಿತನ ನಂಬಿಕೆಯನ್ನು ದುಡ್ಡು ಕೊಟ್ಟು ಕೊಳ್ಳುವುದು. ಅಪರಿಚಿತನೇ ಇಲ್ಲದ ಕಡೆ ಅದರ ಕೆಲಸ ಕಡಿಮೆ. ಕಾಪಾಡುವುದಷ್ಟೇ ಗುರಿಯಾದರೆ ಕೆಲವೇ ಡಾಲರಿನ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಸಾಕು. ಮಕ್ಕಳಿಗೆ ಬಿಟ್ಟುಹೋಗುವ ಸಂಗ್ರಹವಾದರೆ ಮಾತು ಬೇರೆ. ಕಾರ್ಡಿನ ಗಂಧವೇ ಇಲ್ಲದ ಮಕ್ಕಳ ಕೈಗೆ ಹಸಿ ಕಾರ್ಡುಗಳ ಪೆಟ್ಟಿಗೆ ಸಿಕ್ಕರೆ ಮೊದಲು ಬಂದ ವ್ಯಾಪಾರಿ ಹೇಳಿದ್ದೇ ಬೆಲೆಯಾಗುತ್ತದೆ. ಅಂಥ ಪೆಟ್ಟಿಗೆಯಲ್ಲಿ ದೊಡ್ಡ ಹೆಸರಿನ ಐದಾರು ಕಾರ್ಡನ್ನಾದರೂ ಡಬ್ಬಿ ಹಾಕಿಸಿಡುವುದು ಒಳ್ಳೆಯದು. ಉಳಿದ ನೂರಾರು ಸಾಧಾರಣ ಕಾರ್ಡುಗಳನ್ನು ಒಟ್ಟಿಗೆ ಹಾಗೇ ಮಾರಬಹುದು.

ಕಾರ್ಡಿನ ಮೇಲೇ ಅನುಮಾನ ಇದ್ದರೆ ಅಂಕ ಬೇಡ, ಅಸಲಿಯೋ ಅಲ್ಲವೋ ಅಷ್ಟು ಹೇಳಿ ಎಂದೂ ಕೇಳಬಹುದು. ಆಗ ಚೀಟಿಯ ಮೇಲೆ 'ಅಥೆಂಟಿಕ್' ಎಂದಷ್ಟೇ ಬರುತ್ತದೆ. ಕತ್ತರಿಸಿದ ವ್ಯಾಗ್ನರ್‌ಗೂ ಅದರದೇ ಆದ ಬೆಲೆ ಇದ್ದೇ ಇದೆ. ಕತ್ತರಿಸಿದ್ದು ಗೊತ್ತಿದ್ದೂ ಮುಚ್ಚಿಟ್ಟು ಮಾರುವುದು ಮಾತ್ರ ಅಪರಾಧ.

ಇನ್ನು ಡಬ್ಬಿಯಲ್ಲಿರುವ ಕಾರ್ಡನ್ನೇ ಕೊಂಡು, ಮನೆಗೆ ತಂದು, ಒಡೆದು ಆಲ್ಬಮ್ಮಿಗೆ ಸೇರಿಸುವ ಸೆಟ್ ಕಟ್ಟುವವರೂ ಇದ್ದಾರೆ. ಖಾತ್ರಿಗಾಗಿ ದುಡ್ಡು ಕೊಟ್ಟಾಯಿತು, ಪ್ಲಾಸ್ಟಿಕ್ ಯಾಕೆ ಎನ್ನುವುದು ಅವರ ಲೆಕ್ಕ. ಹಾಗೆ ಒಡೆದವರಲ್ಲಿ ಜಾಣರು ಒಳಗಿನ ಚೀಟಿಯನ್ನು ಎಸೆಯದೆ ಕಾರ್ಡಿನ ಹಿಂದೆಯೇ ಸಿಕ್ಕಿಸಿಡುತ್ತಾರೆ.